ರಿಂಗ್ ಕೆಳಗೆ ಎತ್ತರದ ಬ್ಲಾಕರ್ ನಿಂತಿದ್ದರೆ ಅಂಕ ಗಳಿಸುವುದು ಹೇಗೆ?

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಬ್ಯಾಸ್ಕೆಟ್‌ಬಾಲ್ ಹುಡುಗರು, ಹುಡುಗಿಯರು ಪಂದ್ಯಾವಳಿ ಹತ್ತಿರ ಬಂದಾಗಲೆಲ್ಲ ಕೇಳುವ ಪ್ರಶ್ನೆ ಇದು: "ಅವರ ಕಡೆ ಆರೂವರೆ ಅಡಿಯವ ಒಬ್ಬ ಅದಾನ್ರೀ ಸರ್, ಒಳಗ ಹೋದರ ಎಲ್ಲಾ ಹೊಡೆದು ಹಾಕ್ತಾನ. ಏನ್ ಮಾಡೋಣು?" ತಾಲ್ಲೂಕು ಮಟ್ಟದಲ್ಲಿ ಇಂಥ ಬ್ಲಾಕರ್‌ಗಳು, ಅಂದರೆ ರಿಂಗಿಗೆ ಹೋಗುವ ಚೆಂಡನ್ನು ಗಾಳಿಯಲ್ಲೇ ಹೊಡೆದು ಹಾಕುವವರು, ಕಡಿಮೆ. ಕಲಬುರಗಿ ವಿಭಾಗ ಮಟ್ಟಕ್ಕೆ ಹೋದರೆ ಒಬ್ಬನಾದರೂ ಎದುರಾಗುತ್ತಾನೆ.

ಬೆಂಚಿನಿಂದ ಸಾಮಾನ್ಯವಾಗಿ ಎರಡು ಸಲಹೆ ಬರುತ್ತವೆ. ಒಂದು, "ಒಳಗೆ ಹೋಗಲೇಬೇಡಿ, ಹೊರಗಿನಿಂದ ಹೊಡೀರಿ." ಇನ್ನೊಂದು, "ಹೆದರಬೇಡಿ, ನುಗ್ಗಿ." ಎರಡೂ ತಪ್ಪು. ಒಳಗೆ ಹೋಗುವುದನ್ನು ನಿಲ್ಲಿಸಿದ ತಂಡವನ್ನು ಬ್ಲಾಕರ್ ಮೈ ಬೆವರದೆ ಗೆಲ್ಲುತ್ತಾನೆ. ಸುಮ್ಮನೆ ನುಗ್ಗುವವರು ಅವನು ಕಾಯುತ್ತಿರುವ ಚೆಂಡನ್ನೇ ಅವನ ಕೈಗೆ ಕೊಡುತ್ತಾರೆ.

ಮೊದಲು ಲೆಕ್ಕ ನೋಡಿ

1.95 ಮೀಟರ್ ಎತ್ತರದವನು ನಿಂತಲ್ಲೇ ಕೈ ಎತ್ತಿದರೆ ಬೆರಳ ತುದಿ ಸುಮಾರು 2.6 ಮೀಟರ್ ಮುಟ್ಟುತ್ತದೆ. 60 ಸೆಂಟಿಮೀಟರ್ ಹಾರಿದರೆ 3.2 ಮೀಟರ್, ಅಂದರೆ 3.05 ಮೀಟರ್ ಎತ್ತರದ ರಿಂಗಿಗಿಂತ 15 ಸೆಂಟಿಮೀಟರ್ ಮೇಲೆ. ನೀವು 1.70 ಮೀಟರ್ ಇದ್ದು ಓಡುತ್ತ ಹಾರಿ ಚೆಂಡು ಬಿಟ್ಟರೆ ಅದು ಕೈಬಿಡುವುದು ಹೆಚ್ಚೆಂದರೆ 2.5 ಮೀಟರಿನಲ್ಲಿ. ನಡುವೆ 70 ಸೆಂಟಿಮೀಟರ್ ಅಂತರ. ಈ ಅಂತರವನ್ನು ಹಾರಿ ತುಂಬಲು ಆಗುವುದಿಲ್ಲ.

ಆದರೆ ಅವನಿಗೂ ಒಂದು ಕಟ್ಟುಪಾಡು ಇದೆ. 60 ಸೆಂಟಿಮೀಟರ್ ಮೇಲೇರಲು ಸುಮಾರು 0.35 ಸೆಕೆಂಡ್, ಇಳಿಯಲು ಮತ್ತೆ ಅಷ್ಟೇ. ಅದಕ್ಕೂ ಮೊದಲು ಮೊಣಕಾಲು ಬಗ್ಗಿಸಬೇಕು, ಪಾದ ಊರಬೇಕು. ಒಮ್ಮೆ ನೆಲ ಬಿಟ್ಟನೆಂದರೆ 0.7 ಸೆಕೆಂಡ್ ಅವನು ದಿಕ್ಕು ಬದಲಿಸಲಾರ. ಅವನು ಬದುಕಿರುವುದು ಆ ಪಾದ ಊರುವ ಹೊತ್ತಿನ ಮೇಲೆ. ಆ ಹೊತ್ತನ್ನು ಕಿತ್ತುಕೊಳ್ಳಿ, ಇಲ್ಲವೇ ತಪ್ಪು ಗಳಿಗೆಯಲ್ಲಿ ಹಾರಿಸಿ. ಕೆಳಗಿನ ಹಂತಗಳೆಲ್ಲ ಇದೇ ಕೆಲಸ ಮಾಡುತ್ತವೆ.

ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಒಂದು ಋತುವಿನ ಬ್ಲಾಕ್ ದಾಖಲೆ ಇಂದಿಗೂ ಮಾರ್ಕ್ ಈಟನ್ ಹೆಸರಿನಲ್ಲಿದೆ: 1984-85ರಲ್ಲಿ 456. 2.24 ಮೀಟರ್ ಎತ್ತರದ ಆತ ಚುರುಕಿನ ಆಟಗಾರನೇನಲ್ಲ. ರಿಂಗ್ ಹತ್ತಿರದ ಜಾಗ ಬಿಡದೆ ಕಾಯುತ್ತಿದ್ದ, ಎದುರಾಳಿಗಳು ಅವನಿದ್ದಲ್ಲಿಗೇ ಬರುತ್ತಿದ್ದರು.

ಬೇಕಾದದ್ದು

ಪೇಂಟ್‌ವರೆಗೆ ಡ್ರಿಬಲ್ ಮಾಡಿ (ಚೆಂಡನ್ನು ನೆಲಕ್ಕೆ ಬಡಿಯುತ್ತ) ಹೋಗಬಲ್ಲ ಇಬ್ಬರು, ಮೂಲೆಯಿಂದ ತಕ್ಕಮಟ್ಟಿಗೆ ಹೊಡೆಯಬಲ್ಲ ಒಬ್ಬರು, ಕೈಗೆ ಬಂದ ಪಾಸ್ ಬಿಡದ ಒಬ್ಬ ದೊಡ್ಡ ಆಟಗಾರ. ಪೇಂಟ್ ಅಂದರೆ ರಿಂಗ್ ಮುಂದಿನ 4.9 ಮೀಟರ್ ಅಗಲ, 5.8 ಮೀಟರ್ ಉದ್ದದ ಆಯತ. ಅಭ್ಯಾಸಕ್ಕೆ ಒಂದು ಉದ್ದನೆ ಬಿದಿರುಕೋಲು, ಅದರ ತುದಿಗೆ ಸುತ್ತಲು ಹಳೇ ಟವೆಲ್. ಕೋಲು ಸಿಗದಿದ್ದರೆ ಉದ್ದ ಹಿಡಿಯ ಕಸಬರಿಗೆಯೂ ನಡೆಯುತ್ತದೆ.

ಹಂತ 1: ಮೊದಲ ಕ್ವಾರ್ಟರಿನಲ್ಲಿ ಅವನನ್ನು ಓದಿ

ಬೆಂಚಿನಲ್ಲಿರುವ ಒಬ್ಬರಿಗೆ ಇದೊಂದೇ ಕೆಲಸ ಕೊಡಿ. ವಾರ್ಮ್‌ಅಪ್‌ನಿಂದಲೇ ಶುರುಮಾಡಿ ಇಷ್ಟು ಬರೆದುಕೊಳ್ಳಲಿ: ಯಾವ ಕೈಯಿಂದ ಹೊಡೆಯುತ್ತಾನೆ? ಮೊದಲ ಪಂಪ್ ಫೇಕಿಗೆ (ಚೆಂಡು ಹೊಡೆದಂತೆ ನಟಿಸುವುದಕ್ಕೆ) ಹಾರುತ್ತಾನೋ, ಕಾಯುತ್ತಾನೋ? ತನ್ನ ಆಟಗಾರ ಹೊರಗೆ ಹೋದರೆ ಹಿಂದೆ ಹೋಗುತ್ತಾನೋ, ಒಳಗೇ ಉಳಿಯುತ್ತಾನೋ? ಒಮ್ಮೆ ಹಾರಿ ಇಳಿದ ಮೇಲೆ ಎರಡನೇ ಸಲ ಎಷ್ಟು ಬೇಗ ಹಾರುತ್ತಾನೆ?

ಬಹುಪಾಲು ಬ್ಲಾಕರ್‌ಗಳು ಬಲಗೈಯವರು. ನಿಮಗೆ ಎದುರಾಗಿ ನಿಂತವನ ಬಲಗೈ ನಿಮ್ಮ ಎಡಕ್ಕಿರುತ್ತದೆ. ಹಾಗಾಗಿ ನೀವು ಬಲಬದಿಯಿಂದ ಹೋದರೆ ಅವನು ಎಡಗೈ ಬಳಸಬೇಕು, ಇಲ್ಲವೇ ಬಲಗೈಯನ್ನು ಮೈಗೆ ಅಡ್ಡ ತರಬೇಕು. ಎರಡರಲ್ಲೂ ಅವನ ಬೆರಳು ಮುಟ್ಟುವ ಎತ್ತರ ತಗ್ಗುತ್ತದೆ. ಎದುರಾಳಿ ಎಡಚನಾದರೆ ಇದೇ ಮಾತು ತಿರುಗಾಮುರುಗಾ.

ಹಂತ 2: ಅವನನ್ನು ಜಾಗ ಬಿಡಿಸಿ

ಟಿವಿಯಲ್ಲಿ ಎನ್‌ಬಿಎ ನೋಡಿ ಕಲಿತವರು ಇಲ್ಲಿ ಎಡವುತ್ತಾರೆ. ಎದುರಿಗೆ ಯಾರನ್ನೂ ಕಾಯದ ರಕ್ಷಣಾ ಆಟಗಾರ ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಪೇಂಟ್‌ನಲ್ಲಿ ನಿಲ್ಲಬಾರದೆಂಬ ನಿಯಮ ಎನ್‌ಬಿಎಯಲ್ಲಿದೆ. ನಾವು ಆಡುವ ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ನಿಯಮಗಳಲ್ಲಿ ಅದಿಲ್ಲ. ಇಲ್ಲಿ ಮೂರು ಸೆಕೆಂಡಿನ ಕಟ್ಟು ದಾಳಿ ಮಾಡುವವರಿಗೆ ಮಾತ್ರ. ಬ್ಲಾಕರ್ ಇಡೀ ಕ್ವಾರ್ಟರ್ ರಿಂಗ್ ಕೆಳಗೆ ನಿಂತರೂ ಅಂಪೈರ್ ಕೇಳುವುದಿಲ್ಲ. ಅವನನ್ನು ಎಬ್ಬಿಸುವ ಕೆಲಸ ನಿಮ್ಮದೇ.

ಅವನು ಕಾಯುತ್ತಿರುವುದು ನಿಮ್ಮಲ್ಲಿ ಯಾರನ್ನು? ಆ ಆಟಗಾರನಿಗೆ ಹೊರಗಿನಿಂದ ಹೊಡೆಯಲು ಬಂದರೆ 6.75 ಮೀಟರಿನ ಮೂರಂಕದ ಗೆರೆಯಾಚೆ ನಿಲ್ಲಿಸಿ. ಬ್ಲಾಕರ್ ಹೊರಗೆ ಬಂದರೆ ಪೇಂಟ್ ಖಾಲಿ. ಬರದಿದ್ದರೆ ಕೈಗೆ ಬಂದ ಶಾಟನ್ನು ಹಿಂಜರಿಯದೆ ಹೊಡೆಯಬೇಕು. ಎರಡು ಬಿದ್ದರೆ ಸಾಕು, ಮೂರನೆಯದಕ್ಕೆ ಅವನ ಕೋಚೇ ಕೂಗಿ ಹೊರಗೆ ಕಳಿಸುತ್ತಾರೆ.

ಹೊಡೆಯಲು ಬಾರದಿದ್ದರೆ, ನಮ್ಮ ಕಡೆಯ ದೊಡ್ಡ ಆಟಗಾರರಲ್ಲಿ ಇಂಥವರೇ ಹೆಚ್ಚು, ಶಾರ್ಟ್ ಕಾರ್ನರ್‌ಗೆ ಕಳಿಸಿ: ಬೇಸ್‌ಲೈನ್ (ರಿಂಗ್ ಹಿಂದಿನ ಕೊನೆಯ ಗೆರೆ) ಪಕ್ಕ, ಪೇಂಟ್ ಗೆರೆಯಿಂದ ಒಂದು ಹೆಜ್ಜೆ ಹೊರಗೆ. ಅಲ್ಲಿ ಮೂರು ಸೆಕೆಂಡಿನ ಚಿಂತೆಯಿಲ್ಲ, ಬ್ಲಾಕರ್‌ನ ಬೆನ್ನ ಹಿಂದೆ ಇದ್ದಂತೆಯೂ ಆಯಿತು. ಉಳಿದ ಮೂಲೆಯಲ್ಲಿ ಶೂಟರ್. ಇಬ್ಬರೂ ಒಂದೇ ಬದಿಯಲ್ಲಿ ನಿಂತರೆ ಬ್ಲಾಕರ್ ಒಂದೇ ಹೆಜ್ಜೆಯಲ್ಲಿ ಇಬ್ಬರನ್ನೂ ಕಾಯುತ್ತಾನೆ. ಪ್ರತಿ ಪಂದ್ಯದಲ್ಲೂ ಕಾಣುವ ತಪ್ಪಿದು.

ಹಂತ 3: ಸ್ಕ್ರೀನ್ ಇಟ್ಟು ಅವನನ್ನೇ ಕೆಲಸಕ್ಕೆ ಹಚ್ಚಿ

ಸ್ಕ್ರೀನ್ ಎಂದರೆ ನಿಮ್ಮ ಜೊತೆಗಾರ ಎದುರಾಳಿಯ ದಾರಿಗೆ ಗೋಡೆಯಂತೆ ಅಲುಗಾಡದೆ ನಿಲ್ಲುವುದು. ಬ್ಲಾಕರ್ ಕಾಯುತ್ತಿರುವವನೇ ಮೂರಂಕದ ಗೆರೆಯ ಬಳಿ ಬಂದು ಸ್ಕ್ರೀನ್ ಇಡಲಿ. ಬ್ಲಾಕರ್ ಸಾಮಾನ್ಯವಾಗಿ ಅಲ್ಲಿಯವರೆಗೆ ಬರುವುದಿಲ್ಲ, ಎರಡು-ಮೂರು ಮೀಟರ್ ಹಿಂದೆ ಸರಿದು ಕಾಯುತ್ತಾನೆ. ಇದಕ್ಕೆ ಡ್ರಾಪ್ ಎನ್ನುತ್ತಾರೆ. ಡ್ರಾಪ್ ಮಾಡಿದವನ ಮುಂದೆ ಫ್ರೀ ಥ್ರೋ ಗೆರೆಯ (ಫೌಲಿಗೆ ಸಿಗುವ ಶಾಟ್ ಹೊಡೆಯುವ ಗೆರೆ) ಆಸುಪಾಸು ಒಂದು ಖಾಲಿ ಜಾಗ ಹುಟ್ಟುತ್ತದೆ.

ಡ್ರಿಬಲ್ ಮಾಡುವವರು ಸ್ಕ್ರೀನಿಗೆ ಭುಜ ಉಜ್ಜಿಕೊಂಡು ಬರಬೇಕು. ನಡುವೆ ಒಬ್ಬ ನುಸುಳುವಷ್ಟು ಸಂದು ಬಿಟ್ಟರೆ ಸ್ಕ್ರೀನ್ ಇಟ್ಟದ್ದೇ ದಂಡ. ಬಂದ ಮೇಲೆ ಫ್ರೀ ಥ್ರೋ ಗೆರೆ ಹತ್ತಿರ ಎರಡೂ ಕಾಲು ಊರಿ ನಿಂತು ಹೊಡೆಯಿರಿ. ಅಲ್ಲಿಂದ ಬೋರ್ಡಿಗೆ 4.6 ಮೀಟರ್. ಡ್ರಾಪ್ ಆದ ಬ್ಲಾಕರ್ ಅಷ್ಟು ದೂರ ಕೈ ಚಾಚಲಾರ. ಅವನು ಮುಂದೆ ಬಂದರೆ ಸ್ಕ್ರೀನ್ ಇಟ್ಟವನು ಅವನ ಹಿಂದೆ ರಿಂಗ್ ಕಡೆ ತಿರುಗಿ ಓಡಿರುತ್ತಾನೆ. ಅವನಿಗೆ ನೆಲಕ್ಕೆ ಬಡಿದು ಪಾಸ್ ಕೊಡಿ. ಎತ್ತರದವನ ತಲೆಯ ಮೇಲಿಂದ ಎಸೆಯಲು ಹೋಗಬೇಡಿ.

ಪಳಗಿದ ತಂಡಗಳಿಗೆ ಇನ್ನೊಂದು ಪಟ್ಟು ಇದೆ. ಬ್ಲಾಕರ್ ಹಿಂದೆ ಸರಿಯುವಾಗ ಮೂರನೆಯ ಆಟಗಾರ, ಚಿಕ್ಕವನಾದರೂ ಸರಿ, ಅವನ ಬೆನ್ನಿಗೆ ಸ್ಕ್ರೀನ್ ಇಡುವುದು. ಸ್ಪೇನ್ ಪಿಕ್ ಅಂಡ್ ರೋಲ್ ಎಂದು ಇದರ ಹೆಸರು. ಇಲ್ಲಿ ಫೌಲ್ ಸುಲಭವಾಗಿ ಆಗುತ್ತದೆ. ಚಲಿಸುತ್ತಿರುವ ಎದುರಾಳಿಗೆ ಸ್ಕ್ರೀನ್ ಇಡುವಾಗ ಅವನು ನಿಲ್ಲಲು ಅಥವಾ ದಾರಿ ಬದಲಿಸಲು ಒಂದರಿಂದ ಎರಡು ಹೆಜ್ಜೆಯಷ್ಟು ಜಾಗ ಬಿಡಬೇಕು. ತಾಕುವ ಗಳಿಗೆಯಲ್ಲಿ ನಿಮ್ಮ ಕಾಲು ಸರಿಯುತ್ತಿದ್ದರೆ ಸೀಟಿ ನಿಮಗೇ.

ಹಂತ 4: ಕೊನೆಯ ಎರಡು ಹೆಜ್ಜೆ

ಬಹುಪಾಲು ಬ್ಲಾಕ್‌ಗಳು ಆಗುವುದು ಒಂದೇ ರೀತಿ. ಆಟಗಾರ ಮೂರು ಮೀಟರ್ ದೂರದಿಂದ ನೆಟ್ಟಗೆ ಬರುತ್ತಾನೆ, ಒಂದು ಉದ್ದ ಹೆಜ್ಜೆ, ಇನ್ನೊಂದು ಉದ್ದ ಹೆಜ್ಜೆ, ಚೆಂಡನ್ನು ಸೊಂಟದವರೆಗೆ ಇಳಿಸಿ ಮೇಲೆತ್ತುತ್ತಾನೆ. ಆ ಹೆಜ್ಜೆಗಳ ಲಯವೇ ಬ್ಲಾಕರ್‌ಗೆ ತಾಳ. ಅದನ್ನು ಕೆಡಿಸಲು ನಾಲ್ಕು ದಾರಿಗಳಿವೆ. ನಾಲ್ಕನ್ನೂ ಅರ್ಧಂಬರ್ಧ ಕಲಿಯುವ ಬದಲು ಎರಡನ್ನು ಗಟ್ಟಿ ಮಾಡಿಕೊಳ್ಳಿ.

ಫ್ಲೋಟರ್. ಬ್ಲಾಕರ್ ಬಳಿ ತಲುಪುವ ಮುಂಚೆಯೇ, ರಿಂಗಿನಿಂದ ಎರಡೂವರೆಯಿಂದ ನಾಲ್ಕು ಮೀಟರ್ ದೂರದಲ್ಲಿ, ಮೆತ್ತಗೆ ಎತ್ತರಕ್ಕೆ ತೇಲಿಬಿಡುವ ಶಾಟ್ ಇದು. 1.88 ಮೀಟರಿನ ಎನ್‌ಬಿಎ ಆಟಗಾರ ಟೋನಿ ಪಾರ್ಕರ್ ದೈತ್ಯರ ನಡುವೆ ಹೆಸರು ಮಾಡಿದ್ದು ಹೆಚ್ಚಾಗಿ ಇದರಿಂದಲೇ. ಚೆಂಡನ್ನು ಸೊಂಟಕ್ಕೆ ಇಳಿಸಬೇಡಿ, ಡ್ರಿಬಲ್‌ನಿಂದ ನೇರ ಎದೆಗೆ, ಎದೆಯಿಂದ ಹಣೆಗೆ. ಕೊನೆಯ ಹೆಜ್ಜೆ ಗಿಡ್ಡದಾಗಿರಲಿ. ಹೆಜ್ಜೆ ಉದ್ದವಾದರೆ ಮೈ ಮುಂದಕ್ಕೆ ಹಾರುತ್ತದೆ, ಮೈಯ ವೇಗ ಚೆಂಡಿಗೆ ಸೇರಿ ಅದು ಬೋರ್ಡಿಗೆ ಬಡಿದು ವಾಪಸ್ ಬರುತ್ತದೆ. ಮುಂದಕ್ಕೆ ಹಾರದೆ ಮೇಲಕ್ಕೆ ಹಾರಬೇಕು. ಮಣಿಕಟ್ಟನ್ನು ಜಂಪ್ ಶಾಟಿನಂತೆ ಚಿಮ್ಮಿಸಬೇಡಿ. ಅಂಗೈ ಮೇಲ್ಮುಖವಾಗಿ, ಬೆರಳುಗಳಿಂದ ತಳ್ಳಿ ಬಿಡಿ. ಚೆಂಡು ತಿರುಗದೆ ಹೋದರೂ ಚಿಂತೆಯಿಲ್ಲ. ಅದರ ದಾರಿಯ ನೆತ್ತಿ ಬ್ಲಾಕರ್‌ನ ಬೆರಳಿಗಿಂತ ಒಂದು ಮೊಳವಾದರೂ ಮೇಲಿರಬೇಕು. ಕೆಳಗಿಳಿಯಲು ಶುರುವಾಗಿ ರಿಂಗ್ ಮಟ್ಟಕ್ಕಿಂತ ಪೂರ್ತಿ ಮೇಲಿರುವ ಚೆಂಡನ್ನು ಅವನು ಮುಟ್ಟಿದರೆ ಗೋಲ್‌ಟೆಂಡಿಂಗ್, ಅಂಕ ನಿಮಗೆ.

ಮೈ ತಾಗಿಸಿ ಹೊಡೆಯುವುದು. ಕೇಳಲು ವಿಚಿತ್ರ, ಆದರೆ ಬ್ಲಾಕರ್‌ನಿಂದ ದೂರ ಹೋಗುವುದಕ್ಕಿಂತ ಹತ್ತಿರ ಹೋಗುವುದು ಎಷ್ಟೋ ಸಲ ಕ್ಷೇಮ. ನೀವು ದೂರ ಸರಿದಷ್ಟೂ ಅವನಿಗೆ ಓಡಿ ಹಾರಲು ಜಾಗ ಕೊಟ್ಟಂತೆ. ಅವನ ಕಡೆಗಿರುವ ನಿಮ್ಮ ಭುಜ ಅವನ ಎದೆ ಮತ್ತು ಪಕ್ಕೆಯ ನಡುವೆ ಸೇರಲಿ. ಅವನು ಹಾರಲು ಮೊಣಕಾಲು ಬಗ್ಗಿಸುವ ಗಳಿಗೆಯಲ್ಲೇ ತಾಗಬೇಕು. ಆಗ ಅವನ ಭಾರ ಹಿಮ್ಮಡಿಗೆ ಹೋಗುತ್ತದೆ, ಹಿಮ್ಮಡಿಯ ಮೇಲೆ ನಿಂತವನು ಹಾರಲಾರ. ಚೆಂಡು ದೂರದ ಕೈಯಲ್ಲಿರಲಿ. ಮೊಣಕೈ ಚಾಚಬೇಡಿ, ಕೈಯಿಂದ ತಳ್ಳಬೇಡಿ. ಇನ್ನೊಂದು ಎಚ್ಚರಿಕೆ: ಅವನು ತನ್ನ ಜಾಗದಲ್ಲಿ ಕೈ ಎತ್ತಿ ನೆಟ್ಟಗೆ ಮೇಲಕ್ಕೆ ಹಾರಿದರೆ ಆ ಗಾಳಿಯ ಕಂಬ ಅವನದೇ, ಅಲ್ಲಿ ತಾಗಿದರೆ ಅವನ ಫೌಲ್ ಅಲ್ಲ. ಸೀಟಿ ಬರುತ್ತದೆಂದು ನಂಬಿ ಶಾಟನ್ನು ಅರ್ಧಕ್ಕೆ ಬಿಡುವವರು ಎರಡನ್ನೂ ಕಳೆದುಕೊಳ್ಳುತ್ತಾರೆ.

ನಿಂತು ಫೇಕ್ ಮಾಡುವುದು. ಎರಡೂ ಕಾಲು ಒಟ್ಟಿಗೆ ಊರಿ ನಿಲ್ಲಿ. ಚೆಂಡನ್ನು ಹಣೆಯವರೆಗೆ ಎತ್ತಿ, ಕಣ್ಣು ರಿಂಗ್ ಮೇಲಿರಲಿ, ಮೊಣಕಾಲು ಮಾತ್ರ ಬಗ್ಗಿಯೇ ಇರಲಿ. ಮೊಣಕಾಲು ನೆಟ್ಟಗಾದರೆ ನಿಮ್ಮ ಫೇಕ್ ನಿಮಗೇ ಮುಳುವು, ಮತ್ತೆ ಹಾರಲು ಮತ್ತೆ ಬಗ್ಗಬೇಕು. ಅವನು ನೆಲ ಬಿಟ್ಟಾಗ ಸಿಗುವ 0.7 ಸೆಕೆಂಡಿನಲ್ಲಿ ಒಂದು ಕಾಲು ತಿರುಗಿಸಿ ಅವನ ಕಂಕುಳಡಿಯಿಂದ ದಾಟಿ. ಹಂತ 1ರಲ್ಲಿ ಅವನು ಫೇಕಿಗೆ ಹಾರುವುದಿಲ್ಲವೆಂದು ಬರೆದುಕೊಂಡಿದ್ದರೆ ಇದನ್ನು ಬಿಡಿ.

ರಿಂಗ್ ಆಚೆಯಿಂದ ಹೊಡೆಯುವುದು. ಬೇಸ್‌ಲೈನ್ ಹಿಡಿದು ರಿಂಗ್ ಕೆಳಗೆ ದಾಟಿ ಇನ್ನೊಂದು ಬದಿಯಿಂದ ಲೇಅಪ್ (ಓಡುತ್ತ ಹೋಗಿ ರಿಂಗ್ ಹತ್ತಿರದಿಂದ ಚೆಂಡು ಹಾಕುವುದು). ನಡುವೆ ರಿಂಗ್ ಮತ್ತು ಬಲೆ ಇರುವುದರಿಂದ ಬ್ಲಾಕರ್‌ನ ಕೈಗೆ ದಾರಿಯಿಲ್ಲ. ಬೋರ್ಡಿನ ಮೇಲಿನ ಚಿಕ್ಕ ಚೌಕದ ನಿಮ್ಮ ಬದಿಯ ಮೇಲ್ಮೂಲೆಗೆ ಬೇಗನೆ ತಾಗಿಸಿ. ರಿಂಗ್ ಮಟ್ಟಕ್ಕಿಂತ ಮೇಲೆ ಬೋರ್ಡಿಗೆ ತಾಗಿದ ಚೆಂಡನ್ನು ಅವನು ಮುಟ್ಟುವಂತಿಲ್ಲ.

ನಮ್ಮ ಅಂಕಣಗಳ ವಿಷಯ ಇಲ್ಲೇ ಹೇಳಬೇಕು. ಬಯಲಿನ ಸಿಮೆಂಟ್ ಅಂಕಣ, ಹಲವು ಕಡೆ ಮರದ ಅಥವಾ ತಗಡಿನ ಬೋರ್ಡ್. ಗಾಜಿನ ಬೋರ್ಡಿನಂತೆ ಚೆಂಡು ಪುಟಿಯುವುದಿಲ್ಲ, ಪಂದ್ಯಕ್ಕೆ ಮೊದಲು ಎರಡೂ ಕಡೆ ಹತ್ತತ್ತು ಸಲ ತಾಗಿಸಿ ನೋಡಿ. ಆಷಾಢದ ಗಾಳಿಯಲ್ಲಿ ಎತ್ತರದ ಫ್ಲೋಟರ್ ದಿಕ್ಕು ತಪ್ಪುತ್ತದೆ, ಆಗ ಬೋರ್ಡಿಗೆ ತಾಗಿಸಿಯೇ ಹೊಡೆಯಿರಿ. ಹಳೇ ಕಂಬಗಳು ಬೇಸ್‌ಲೈನಿಗೆ ತೀರಾ ಹತ್ತಿರ ಇದ್ದರೆ ರಿಂಗ್ ಆಚೆಯ ಲೇಅಪ್ಪಿಗೆ ಹೋಗಬೇಡಿ, ಹಣೆ ಒಡೆಯುತ್ತದೆ. ಗಣಿ ಸೀಮೆಯ ಕೆಂಪು ದೂಳಿಗೆ ಬೂಟಿನ ತಳ ಜಾರುತ್ತದೆ. ಬೆಂಚಿನ ಬಳಿ ಒದ್ದೆ ಗೋಣಿಚೀಲ ಹಾಸಿ, ಪ್ರತಿ ಟೈಮ್‌ಔಟಿನಲ್ಲಿ ತಳ ಒರೆಸಿಕೊಳ್ಳಲಿ.

ಹಂತ 5: ಅವನು ಹಾರಿದರೆ ಚೆಂಡು ಬೇರೆಯವರಿಗೆ

ಬ್ಲಾಕರ್ ನಿಮ್ಮ ಕಡೆ ಬಂದನೆಂದರೆ ತನ್ನವನನ್ನು ಬಿಟ್ಟಿದ್ದಾನೆ. ಶಾರ್ಟ್ ಕಾರ್ನರಿನಲ್ಲಿರುವವನು ಕೈ ತೋರಿಸಿ, ಎದೆ ಚೆಂಡಿನ ಕಡೆ ತಿರುಗಿಸಿ ಸಿದ್ಧವಾಗಿರಬೇಕು. ನಿಂತೇ ಇದ್ದರೆ ಪಾಸ್ ದಾರಿಯಲ್ಲಿ ಬ್ಲಾಕರ್‌ನ ಕಾಲು ಇರುತ್ತದೆ. ಹಾಗಾಗಿ ನೀವು ನುಗ್ಗುವುದು ಬೇಸ್‌ಲೈನ್ ಕಡೆಯಾದರೆ ಅವನು ಪೇಂಟ್ ನಡುವಿಗೆ ಏರಲಿ, ನಡುವಿನಿಂದಾದರೆ ಬೇಸ್‌ಲೈನ್ ಕಡೆ ಇಳಿಯಲಿ.

"ಬಂದ!" ಎಂಬ ಒಂದೇ ಕೂಗು ಸಾಕು. ಕೂಗು ಕೇಳಿದರೆ ಪಾಸ್, ಕೇಳದಿದ್ದರೆ ಶಾಟ್. ನೆಲದಲ್ಲಿ ಕಾಲಿರುವಾಗಲೇ ತೀರ್ಮಾನಿಸಿ. ಹಾರಿದ ಮೇಲೆ ಯಾರಿದ್ದಾರೆಂದು ಹುಡುಕುವ ಪಾಸ್ ಹತ್ತರಲ್ಲಿ ಆರು ಸಲ ಎದುರಾಳಿಗೇ ಹೋದರೂ ಆಶ್ಚರ್ಯವಿಲ್ಲ. ಪಾಸ್ ಹಿಡಿದವನಿಗೂ ಒಂದು ಮಾತು: ಚೆಂಡನ್ನು ಕೆಳಗಿಳಿಸದೆ, ಡ್ರಿಬಲ್ ಮಾಡದೆ ಅಲ್ಲಿಂದಲೇ ಮೇಲೆ. ಒಂದು ಡ್ರಿಬಲ್ ಮಾಡಿದರೆ ಬ್ಲಾಕರ್ ಇಳಿದು ಮತ್ತೆ ಹಾರುವಷ್ಟು ಹೊತ್ತು ಸಿಕ್ಕಿಬಿಡುತ್ತದೆ.

ಹಂತ 6: ಬ್ಲಾಕ್ ಆದ ಮೇಲಿನ ಆಟ

ಬ್ಲಾಕ್ ಆದ ಕೂಡಲೇ ತಲೆ ಹಿಡಿದು ನಿಲ್ಲುವುದು ದೊಡ್ಡ ರೋಗ. ಹೊಡೆದ ಚೆಂಡು ಇನ್ನೂ ಆಟದಲ್ಲೇ ಇರುತ್ತದೆ. ಶಾಟಿಗೆ ಹಾರಿದ ಬ್ಲಾಕರ್ ರಿಬೌಂಡಿಗೆ (ಒಳಗೆ ಬೀಳದೆ ವಾಪಸಾದ ಚೆಂಡು ಹಿಡಿಯುವುದಕ್ಕೆ) ಜಾಗ ಹಿಡಿದಿರುವುದಿಲ್ಲ, ಅವನು ಬಿಟ್ಟುಬಂದ ಆಟಗಾರನೇ ಎದುರು ಬದಿಯಿಂದ ನುಗ್ಗಬೇಕು. ಇನ್ನಿಬ್ಬರು ಹಿಂದೆ ರಕ್ಷಣೆಗೆ ಉಳಿಯಲಿ.

ಗಡಿಯಾರದ ಮೇಲೂ ಕಣ್ಣಿರಲಿ. ಬ್ಲಾಕ್ ಆದ ಚೆಂಡು ರಿಂಗಿಗೆ ತಾಗದೆ ಮತ್ತೆ ನಿಮಗೇ ಬಂದರೆ ಶಾಟ್ ಹೊಡೆಯಲು ಇರುವ 24 ಸೆಕೆಂಡ್ ಹೊಸದಾಗಿ ಶುರುವಾಗುವುದಿಲ್ಲ, ಉಳಿದಷ್ಟೇ. ರಿಂಗಿಗೆ ತಾಗಿ ನಿಮಗೆ ಸಿಕ್ಕರೆ 14 ಸೆಕೆಂಡ್. ನಮ್ಮ ಎಷ್ಟೋ ಪಂದ್ಯಗಳಲ್ಲಿ ಕಾಣುವಂತೆ ಗಡಿಯಾರ ಇಟ್ಟಿರುವುದಿಲ್ಲ. ಮೇಜಿನ ಬಳಿ ಕೂತವರು ಕೊನೆಯ ಹತ್ತು ಸೆಕೆಂಡನ್ನು ಗಟ್ಟಿಯಾಗಿ ಎಣಿಸುತ್ತಾರೋ ಇಲ್ಲವೋ, ಆಟಕ್ಕೆ ಮೊದಲೇ ಕೇಳಿಕೊಳ್ಳಿ.

ಹಂತ 7: ಅವನು ತಲುಪುವ ಮುಂಚೆ

28 ಮೀಟರ್ ಓಡಿ ಬರುವುದರಲ್ಲಿ ಎತ್ತರದವರು ಸಾಮಾನ್ಯವಾಗಿ ಹಿಂದೆ. ರಿಬೌಂಡ್ ಸಿಕ್ಕ ಐದಾರು ಸೆಕೆಂಡಿನಲ್ಲಿ ರಿಂಗ್ ಬಳಿ ತಲುಪಿದರೆ ಅವನು ಇನ್ನೂ ಅರ್ಧ ಅಂಕಣದಲ್ಲಿರುತ್ತಾನೆ. ಹಿಂದಿನಿಂದ ಓಡಿಬಂದು ಹೊಡೆಯುವುದರಲ್ಲಿ ಪಳಗಿದವನಾದರೆ ಎರಡೂ ಕಾಲು ಊರಿ ಗಕ್ಕನೆ ನಿಲ್ಲಿ. ಅವನು ನಿಮ್ಮನ್ನು ದಾಟಿ ಹಾರಿ ಹೋಗುತ್ತಾನೆ, ಇಲ್ಲವೇ ಬೆನ್ನ ಮೇಲೆ ಬಿದ್ದು ಫೌಲ್ ಮಾಡುತ್ತಾನೆ. ಏಪ್ರಿಲ್-ಮೇ ಬಿಸಿಲಿನಲ್ಲಿ ಹೀಗೆ ನಾಲ್ಕು ಸಲ ಓಡಿಸಿದರೆ ಮೂರನೇ ಕ್ವಾರ್ಟರಿಗೆ ಅವನ ಜಿಗಿತವೇ ಇಳಿದಿರುತ್ತದೆ. ನಿಮ್ಮವರೂ ಓಡಿರುತ್ತಾರೆ, ಆದ್ದರಿಂದ ಆಟಗಾರರನ್ನು ಬದಲಿಸುತ್ತಿರಿ, ನೀರಿಗೆ ಉಪ್ಪು-ಸಕ್ಕರೆ ಬೆರೆಸಿಡಿ.

2-3 ಝೋನ್ ಆಡಿದರೆ

ಝೋನ್ ಎಂದರೆ ಆಟಗಾರನ ಬದಲು ಜಾಗ ಕಾಯುವ ರಕ್ಷಣೆ. ಬ್ಲಾಕರ್ ಇರುವ ತಂಡಗಳು ಹೆಚ್ಚಾಗಿ ಇದನ್ನೇ ಆಡುತ್ತವೆ: ಮುಂದೆ ಇಬ್ಬರು, ಹಿಂದೆ ಮೂವರು, ನಡುವೆ ಅವನು. ಒಬ್ಬರನ್ನು ಫ್ರೀ ಥ್ರೋ ಗೆರೆಯ ನಡುವಿಗೆ, ಒಬ್ಬರನ್ನು ಶಾರ್ಟ್ ಕಾರ್ನರಿಗೆ ನಿಲ್ಲಿಸಿ. ನಡುವಿನವರಿಗೆ ಚೆಂಡು ಸಿಕ್ಕ ಕೂಡಲೇ ರಿಂಗಿಗೆ ಮುಖ ಮಾಡಬೇಕು. ಬ್ಲಾಕರ್ ಮೇಲೆ ಬಂದರೆ ಶಾರ್ಟ್ ಕಾರ್ನರಿಗೆ ಪಾಸ್, ಬರದಿದ್ದರೆ ಅಲ್ಲಿಂದಲೇ ಶಾಟ್. ಬೆನ್ನು ತಿರುಗಿಸಿ ಚೆಂಡು ಹಿಡಿದು ನಿಂತರೆ ಮುಂದಿನ ಇಬ್ಬರು ಬಂದು ಕಿತ್ತುಕೊಳ್ಳುತ್ತಾರೆ.

ಅಭ್ಯಾಸ: ಎರಡು ವಾರ, ದಿನಕ್ಕೆ ನಲವತ್ತು ನಿಮಿಷ

ಬಿಸಿಲೇರುವ ಮುಂಚೆ, ಬೆಳಿಗ್ಗೆ ಆರಕ್ಕೆ ಶುರುಮಾಡಿ. ಒಬ್ಬರು ರಿಂಗ್ ಮುಂದೆ ಬಿದಿರುಕೋಲು ಎತ್ತಿ ನಿಲ್ಲಲಿ, ಟವೆಲ್ ಸುತ್ತಿದ ತುದಿ 3.2 ಮೀಟರಿಗೆ ಬರಬೇಕು. ಕಂಬಕ್ಕೆ ಆ ಎತ್ತರದಲ್ಲಿ ಸುಣ್ಣದ ಗುರುತು ಹಾಕಿಟ್ಟರೆ ದಿನಾ ಅಳೆಯುವುದು ತಪ್ಪುತ್ತದೆ. ಕೋಲನ್ನು ಮುಖದ ಕಡೆ ಬೀಸಬಾರದು, ಮೇಲೆ ಕೆಳಗೆ ಮಾತ್ರ.

ಎಡದಿಂದ 20, ಬಲದಿಂದ 20, ನಡುವಿನಿಂದ 20 ಫ್ಲೋಟರ್. ಅರವತ್ತರಲ್ಲಿ ಇಪ್ಪತ್ತೈದು ಬೀಳುವವರೆಗೆ ಪಂದ್ಯದಲ್ಲಿ ಹೊಡೆಯುವ ಯೋಚನೆ ಬೇಡ. ಆಮೇಲೆ ಇಬ್ಬರಿಬ್ಬರಾಗಿ ಭುಜ ತಾಗಿಸಿ ಹೊಡೆಯುವುದು ಹದಿನೈದು ಸಲ. ಕಾಯುವವರು ಎದೆಗೆ ದಿಂಬು ಹಿಡಿದಿರಲಿ. ಉಳಿದ ಹೊತ್ತು ಮೂವರು ದಾಳಿಗೆ, ಇಬ್ಬರು ರಕ್ಷಣೆಗೆ ನಿಂತು "ಬಂದ!" ಕೂಗಿನ ಆಟ. ಕೊನೆಗೆ ಸುಸ್ತಾದ ಮೈಯಲ್ಲೇ ತಲಾ ಹತ್ತು ಫ್ರೀ ಥ್ರೋ. ಬ್ಲಾಕರ್‌ಗೆ ಫೌಲ್ ಕಟ್ಟಿಸಿ ಫ್ರೀ ಥ್ರೋ ಕಳೆದುಕೊಂಡರೆ ಇಷ್ಟೆಲ್ಲ ಮಾಡಿ ಏನು ಬಂತು?

ಐದನೇ ಫೌಲಿಗೆ ಅವನು ಹೊರಗೆ. ಮೊದಲಾರ್ಧದಲ್ಲಿ ಎರಡು ಬಿದ್ದರೆ ಬಹಳಷ್ಟು ಕೋಚ್‌ಗಳು ಅವನನ್ನು ಕೂರಿಸುತ್ತಾರೆ. ಅವನು ಬೆಂಚಿನತ್ತ ಹೆಜ್ಜೆ ಹಾಕಿದ್ದು ಕಂಡ ಕೂಡಲೇ ಆಟ ನಡೆಸುವ ನಿಮ್ಮ ಪಾಯಿಂಟ್ ಗಾರ್ಡ್ ಮುಷ್ಟಿ ಎತ್ತಲಿ. ಆ ಗುರುತು ಇದ್ದಷ್ಟು ಹೊತ್ತು ಫ್ಲೋಟರ್ ಬೇಡ, ಸ್ಕ್ರೀನೂ ಬೇಡ, ಹಳೆಯ ನೇರ ಲೇಅಪ್. ಅವನು ಮೇಜಿನ ಬಳಿ ಬಂದು ಬದಲಿಗೆ ಕೂತನೆಂದರೆ ಮುಷ್ಟಿ ಇಳಿಸಬೇಕು. ಇಳಿಸಲು ಮರೆತರೆ ಅವನ ಮೊದಲ ಬ್ಲಾಕ್ ಆಗಲೇ ಬೀಳುತ್ತದೆ.